ಲ್ಯೂಮೆನ್ ಬಿಡಿ, ನೆರಳು ನೋಡಿ

ಸೈಕಲ್ಲಿಗೆ ಹೊಸ ಹೆಡ್‌ಲೈಟ್ ತಂದವರು ಮೊದಲು ಅದನ್ನು ಮನೆಯ ಗೋಡೆಗೆ ಬಿಟ್ಟು ನೋಡುತ್ತಾರೆ. ಸುಣ್ಣ ಬಳಿದ ಗೋಡೆಯ ಮೇಲೆ ಯಾವ ಲೈಟಾದರೂ ಝಗಝಗಿಸುತ್ತದೆ. ಅದನ್ನೇ ಪಾಂಡವಪುರದ ಕಡೆಗೋ ವಿ.ಸಿ. ನಾಲೆಯ ಏರಿ ಮೇಲೋ ಬೀದಿದೀಪವಿಲ್ಲದ ದಾರಿಗೆ ಒಯ್ದರೆ ಮುಂದೆಲ್ಲ ಬೆಳ್ಳಗೆ ಕಾಣುತ್ತದೆ, ಗುಂಡಿ ಮಾತ್ರ ಚಕ್ರ ಇಳಿದ ಮೇಲೆಯೇ ಗೊತ್ತಾಗುತ್ತದೆ. ಬೆಳಕು ಸಾಲಲಿಲ್ಲ ಎಂದುಕೊಂಡು ಇನ್ನೂ ಹೆಚ್ಚು ಲ್ಯೂಮೆನ್‌ನ (ಲೈಟಿನ ಪೆಟ್ಟಿಗೆಯ ಮೇಲೆ ಬರೆಯುವ ಬೆಳಕಿನ ಅಳತೆ) ಲೈಟಿಗೆ ದುಡ್ಡು ಸುರಿಯುವವರು ಬಹಳ. ನಿಜವಾಗಿ ಕೊರತೆಯಿರುವುದು ನೆರಳಿನದು.

ಮೊದಲು ಲ್ಯೂಮೆನ್ ಲೆಕ್ಕ ಮುಗಿಸಿಬಿಡೋಣ. ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ‘10,000 ಲ್ಯೂಮೆನ್’ ಎಂದು ಬರೆದ ಲೈಟುಗಳು ಸಿಗುತ್ತವೆ. ಒಳಗೆ ‘18650’ ಎಂಬ ಅಳತೆಯ ಎರಡು ಲಿಥಿಯಂ ಸೆಲ್ ಇವೆ ಎಂದಿಟ್ಟುಕೊಳ್ಳಿ. ಒಂದು ಸೆಲ್‌ನಲ್ಲಿ 2,600 ಮಿಲಿಆಂಪ್-ಅವರ್; ಅದನ್ನು 3.6 ವೋಲ್ಟಿನಿಂದ ಗುಣಿಸಿದರೆ 9.4 ವಾಟ್-ಅವರ್. ಎರಡೂ ಸೇರಿ ಸುಮಾರು 19. ಲೆನ್ಸ್, ಸರ್ಕ್ಯೂಟ್ ನುಂಗುವುದನ್ನು ಕಳೆದರೆ ಇಂದಿನ ಎಲ್‌ಇಡಿ ಒಂದು ವಾಟಿಗೆ ಹೆಚ್ಚುಕಡಿಮೆ 100 ಲ್ಯೂಮೆನ್ ಕೊಡುತ್ತದೆ. 10,000 ಲ್ಯೂಮೆನ್ನಿಗೆ 100 ವಾಟ್ ಬೇಕು. ಹಾಗೆ ಉರಿದರೆ ಬ್ಯಾಟರಿ 11 ನಿಮಿಷಕ್ಕೆ ಖಾಲಿ. ಅದಕ್ಕೂ ಮೊದಲೇ ಮುಷ್ಟಿಯಷ್ಟಿರುವ ಆ ಡಬ್ಬಿ ಮುಟ್ಟಲಾಗದಷ್ಟು ಕಾದಿರುತ್ತದೆ. ಆದರೆ ಅದೇ ಪೆಟ್ಟಿಗೆಯ ಮೇಲೆ ‘4 ಗಂಟೆ ಉರಿಯುತ್ತದೆ’ ಎಂದೂ ಬರೆದಿರುತ್ತದೆ. 19ನ್ನು 4ರಿಂದ ಭಾಗಿಸಿ 100ರಿಂದ ಗುಣಿಸಿ: 475. ಲೈಟಿನ ನಿಜವಾದ ಲ್ಯೂಮೆನ್ ಅದರ ಆಸುಪಾಸಿನಲ್ಲಿದೆ. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಲೆಕ್ಕವಿದು, ತಪ್ಪದೆ ಮಾಡಿ.

ಹಾಗೆಂದು 475 ಕಡಿಮೆಯೇನಲ್ಲ. ಲ್ಯೂಮೆನ್ ಎಂದರೆ ಲೈಟು ಎಲ್ಲ ದಿಕ್ಕಿಗೂ ಚೆಲ್ಲುವ ಬೆಳಕಿನ ಒಟ್ಟು ಮೊತ್ತ. ರಸ್ತೆಗೆ ಎಷ್ಟು ಬಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಟಾರ್ಚಿನಂತೆ ದುಂಡಗೆ ಬೆಳಕು ಬಿಡುವ ಲೈಟಿನ ಮೇಲರ್ಧ ಹೊಂಗೆಮರದ ಕೊಂಬೆಗೂ ಎದುರು ಬರುವವರ ಕಣ್ಣಿಗೂ ಹೋಗುತ್ತದೆ. ಜರ್ಮನಿಯ ಸೈಕಲ್ ದೀಪದ ನಿಯಮ 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೀಳಬೇಕೆನ್ನುತ್ತದೆ, ಕಾರಿನ ಲೋ ಬೀಮ್‌ನಂತೆ ಬೆಳಕಿನ ಮೇಲಂಚು ಕತ್ತರಿಸಿದಂತಿರಬೇಕೆನ್ನುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಇದನ್ನೇ: ಕಟ್-ಆಫ್ ಲೆನ್ಸ್ ಇದೆಯೇ? ಹಿಂದಿನ ಡೈನಮೊ 6 ವೋಲ್ಟ್, 3 ವಾಟಿನದು. ಅದರಲ್ಲಿ 2.4 ವಾಟ್ ಮುಂದಿನ ಬಲ್ಬಿಗೆ, 0.6 ಹಿಂದಿನದಕ್ಕೆ. ಅಷ್ಟು ಮಂದ ಬೆಳಕಿನಲ್ಲಿ ಜನ ಊರಿಂದೂರಿಗೆ ಹೋಗಿಬರುತ್ತಿದ್ದರು. ಅವರ ಕಣ್ಣು ಕತ್ತಲಿಗೆ ಒಗ್ಗಿತ್ತು, ದೀಪವೂ ಹ್ಯಾಂಡಲ್‌ಗಿಂತ ಕೆಳಗಿತ್ತು. ಈ ಎರಡನೆಯ ಕಾರಣವೇ ಮುಖ್ಯ.

ಪುಟ್ಟಿ ಹಚ್ಚಿದ ಗೋಡೆ ಸಮವಾಗಿದೆಯೇ ಎಂದು ನೋಡಲು ಪೇಂಟರ್‌ಗಳು ಬಲ್ಬನ್ನು ಗೋಡೆಗೆ ತಾಗಿದಂತೆ ಪಕ್ಕದಿಂದ ಹಿಡಿಯುತ್ತಾರೆ. ಎದುರಿನಿಂದ ಹಿಡಿದರೆ ಕಾಣದ ಉಬ್ಬು-ತಗ್ಗು ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ರಸ್ತೆಯನ್ನೂ ಹೀಗೆಯೇ ಓದಬೇಕು. 10 ಮೀಟರ್ ಮುಂದೆ 10 ಸೆಂಟಿಮೀಟರ್ ಎತ್ತರದ ಹಂಪ್ ಇದೆ, ಬಣ್ಣ ಹೊಡೆದಿಲ್ಲ ಎನ್ನಿ. ಸವಾರನ ಕಣ್ಣು ನೆಲದಿಂದ 1.6 ಮೀಟರ್ ಮೇಲಿದೆ. ಹಂಪಿನ ಹಿಂದಿನ 67 ಸೆಂಟಿಮೀಟರ್ ನೆಲ ಆ ಕಣ್ಣಿಗೆ ಮರೆಯಾಗಿರುತ್ತದೆ. ಲೈಟು 1 ಮೀಟರ್ ಎತ್ತರದ ಹ್ಯಾಂಡಲ್ ಮೇಲಿದ್ದರೆ ಹಂಪಿನ ನೆರಳು 111 ಸೆಂಟಿಮೀಟರ್ ಚಾಚುತ್ತದೆ. ಮರೆಯಾದದ್ದನ್ನು ಕಳೆದರೆ 44 ಸೆಂಟಿಮೀಟರಿನ ಕಪ್ಪು ಪಟ್ಟಿ ಕಣ್ಣಿಗೆ ಬೀಳುತ್ತದೆ. ಅದೇ ಲೈಟನ್ನು 70 ಸೆಂಟಿಮೀಟರ್ ಎತ್ತರದಲ್ಲಿ, ಮುಂಚಕ್ರದ ಮೇಲೆ ಫೋರ್ಕ್‌ಗೆ ಕಟ್ಟಿದರೆ ನೆರಳು 167ಕ್ಕೆ ಬೆಳೆಯುತ್ತದೆ, ಕಾಣುವ ಪಟ್ಟಿ 1 ಮೀಟರ್ ಆಗುತ್ತದೆ. ಇನ್ನು ಹೆಲ್ಮೆಟ್ ಮೇಲೆ 1.7 ಮೀಟರ್ ಎತ್ತರದಲ್ಲಿಟ್ಟರೆ? ನೆರಳು 62 ಸೆಂಟಿಮೀಟರ್. ಪೂರ್ತಿ ನೆರಳು ಹಂಪಿನ ಮರೆಯಲ್ಲೇ ಅಡಗಿಬಿಡುತ್ತದೆ. ಬೆಳಕನ್ನು ಎಷ್ಟೇ ಹೆಚ್ಚಿಸಿದರೂ ಆ ಹಂಪ್ ಸಪಾಟು ಡಾಂಬರಿನಂತೆಯೇ ಕಾಣುತ್ತದೆ.

ಚಂದ್ರನಲ್ಲಿ ಇದು ಇನ್ನೂ ಸೊಗಸಾಗಿ ಕಾಣುತ್ತದೆ. ಹುಣ್ಣಿಮೆಯ ದಿನ ದುರ್ಬೀನಿನಲ್ಲಿ ನೋಡಿದರೆ ಚಂದ್ರ ಚಪ್ಪಟೆ. ಸೂರ್ಯ ನಮ್ಮ ಬೆನ್ನ ಹಿಂದಿರುವುದರಿಂದ ಅಲ್ಲಿನ ಪ್ರತಿ ಗುಡ್ಡದ ನೆರಳೂ ಅದರದೇ ಹಿಂದೆ ಅವಿತಿರುತ್ತದೆ. ಅಷ್ಟಮಿಯಂದು ನೋಡಿ, ಬೆಳಕು-ಕತ್ತಲೆಯ ಗಡಿಯುದ್ದಕ್ಕೂ ಕುಳಿಗಳು, ಬೆಟ್ಟಗಳು ಉಬ್ಬಿ ನಿಲ್ಲುತ್ತವೆ. 1609ರಲ್ಲಿ ಗೆಲಿಲಿಯೊ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದಾಗ ಗಮನಿಸಿದ್ದು ಈ ಗಡಿಯನ್ನೇ. ಗಡಿಯಿಂದ ಆಚೆ, ಕತ್ತಲೊಳಗೆ ಒಂಟಿಯಾಗಿ ಹೊಳೆಯುವ ಶಿಖರಗಳು ಎಷ್ಟು ದೂರದಲ್ಲಿವೆ ಎಂದು ಅಂದಾಜಿಸಿ ಅವುಗಳ ಎತ್ತರ ಲೆಕ್ಕ ಹಾಕಿದ. ಚಂದ್ರ ನುಣ್ಣನೆಯ ಗೋಳ ಎಂಬ ಹಳೆಯ ನಂಬಿಕೆಗೆ ಅಲ್ಲಿಂದ ಪೆಟ್ಟು ಬಿತ್ತು. ಹೆಲ್ಮೆಟ್ ಲೈಟ್ ಹಾಕಿಕೊಂಡವರು ದಿನವೂ ಹುಣ್ಣಿಮೆಯ ರಸ್ತೆಯನ್ನು ನೋಡುತ್ತಿರುತ್ತಾರೆ.

ಲೈಟನ್ನು ತೀರ ಕೆಳಗಿಳಿಸಿದರೂ ತೊಂದರೆಯಿದೆ. ಒಂದೊಂದು ಜಲ್ಲಿಕಲ್ಲೂ ಗುಂಡಿಯಂತೆ ಕಂಡು ಕಣ್ಣು ದಣಿಯುತ್ತದೆ, ಮಳೆಯಲ್ಲಿ ಚಕ್ರ ಎರಚುವ ಕೆಸರು ಲೆನ್ಸ್ ಮುಚ್ಚುತ್ತದೆ. ಹ್ಯಾಂಡಲ್‌ಗೂ ಫೋರ್ಕ್‌ಗೂ ನಡುವೆ ಎಲ್ಲಾದರೂ ಒಳ್ಳೆಯದು. ಹ್ಯಾಂಡಲ್ ಅಡಿಗೆ ತಲೆಕೆಳಗಾಗಿ ನೇತುಹಾಕುವಾಗ ಮಾತ್ರ ಎಚ್ಚರ. ಕಟ್-ಆಫ್ ಲೆನ್ಸ್ ತಲೆಕೆಳಗಾದರೆ ಕತ್ತರಿಸಿದ ಅಂಚು ಕೆಳಕ್ಕೆ ಬಂದು ಬೆಳಕೆಲ್ಲ ಆಕಾಶಕ್ಕೆ ಹೋಗುತ್ತದೆ. ತಲೆಕೆಳಗೆ ಕಟ್ಟಲೆಂದೇ ಮಾಡಿದ ಮಾದರಿಯಾದರೆ ಸರಿ.

ಹೆಲ್ಮೆಟ್ ಲೈಟಿನಿಂದ ಉಪಯೋಗವೇ ಇಲ್ಲವೆಂದಲ್ಲ. ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ಸುತ್ತ ಹಿಂದೀಪವಿಲ್ಲದ ಎತ್ತಿನ ಗಾಡಿ, ಟ್ರಾಕ್ಟರ್ ಟ್ರೇಲರ್‌ಗಳು ರಾತ್ರಿ ರಸ್ತೆಯಲ್ಲಿರುತ್ತವೆ. ಅವುಗಳಿಗೆ ಅಂಟಿಸಿದ ರಿಫ್ಲೆಕ್ಟರ್ ಪಟ್ಟಿ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಹೀಗೆ ಹಿಂದಿರುಗುವ ಬೆಳಕು ಕಣ್ಣಿಗೆ ಬೀಳಬೇಕಾದರೆ ಲೈಟು ಕಣ್ಣಿನ ಹತ್ತಿರ ಇರಬೇಕು. 20 ಮೀಟರ್ ದೂರದ ಪಟ್ಟಿಗೆ ಹ್ಯಾಂಡಲ್ ಲೈಟೂ ಕಣ್ಣೂ 1.7 ಡಿಗ್ರಿ ಅಂತರದಲ್ಲಿದ್ದರೆ, ಹೆಲ್ಮೆಟ್ ಲೈಟಿಗೆ ಆ ಅಂತರ 0.3 ಡಿಗ್ರಿ ಮಾತ್ರ. ಪಟ್ಟಿ ಚೆನ್ನಾಗಿ ಹೊಳೆಯುವುದು ಇಂಥ ಸಣ್ಣ ಕೋನದಲ್ಲೇ. ಆದ್ದರಿಂದ ರಸ್ತೆಗೆ ಕೆಳಗಿನ ದೊಡ್ಡ ಲೈಟು, ಗಾಡಿಗೆ ಹೆಲ್ಮೆಟ್ಟಿನ ಮೇಲೊಂದು ಮಂದ ಲೈಟು. ಎರಡಿದ್ದರೆ ಚೆನ್ನ.

ಗದ್ದೆ ಬಯಲಿನಲ್ಲಿ ಕತ್ತಲೊಳಗಿಂದ ಹಸಿರಾಗಿ ಉರಿಯುವ ಜೋಡಿ ಕಣ್ಣುಗಳೂ ಇದೇ ಬಗೆಯವು. ದನ, ನಾಯಿ, ಬೆಕ್ಕಿನ ಅಕ್ಷಿಪಟದ ಹಿಂದೆ ಬೆಳಕನ್ನು ವಾಪಸು ಕಳಿಸುವ ಹೊಳಪಿನ ಪದರವಿದೆ; ಮನುಷ್ಯರಿಗಿಲ್ಲ. ಅದನ್ನು ಕೊಳ್ಳಿದೆವ್ವ ಎಂದು ಹೆದರಿಸಿ ಬೆಳೆಸಿದ ಮಕ್ಕಳು ದೊಡ್ಡವರಾದ ಮೇಲೂ ಆ ಕಣ್ಣು ಕಂಡರೆ ಜೋರಾಗಿ ಪೆಡಲ್ ತುಳಿದು ಪಾರಾಗಲು ನೋಡುತ್ತಾರೆ. ಬ್ರೇಕ್ ಹಿಡಿಯಬೇಕಾದ ಜಾಗ ಅದು. ಆ ಕಣ್ಣಿನ ಹಿಂದೆ ರಸ್ತೆ ದಾಟಲು ನಿಂತ ಎಮ್ಮೆ ಇರುತ್ತದೆ.

ಮಂಜಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಮಾರ್ಗಶಿರ, ಪುಷ್ಯದಲ್ಲಿ ಕಾವೇರಿ ದಂಡೆಯ ಮೇಲೆ ಮಂಜು ಕವಿದಾಗ ಹಳದಿ ಬೆಳಕು ಅದನ್ನು ಸೀಳಿಕೊಂಡು ಹೋಗುತ್ತದೆ ಎನ್ನುತ್ತಾರೆ. ಮಂಜಿನ ಹನಿಯ ಗಾತ್ರ ಸುಮಾರು 10 ಮೈಕ್ರಾನ್. ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಹನಿ ಇಷ್ಟು ದಪ್ಪಗಿದ್ದಾಗ ಬಣ್ಣಬಣ್ಣಗಳ ಚದುರುವಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಬಿಳಿ ತೆರೆ ಮೂಡುವುದು ನಮ್ಮ ಲೈಟೇ ಹನಿಗಳಿಗೆ ಬಡಿದು ವಾಪಸಾಗುವುದರಿಂದ. ಲೈಟು ಕಣ್ಣಿನಿಂದ ಎಷ್ಟು ಕೆಳಗಿದ್ದು, ಮೇಲಂಚು ಎಷ್ಟು ಚೊಕ್ಕವಾಗಿ ಕತ್ತರಿಸಿದೆಯೋ ಆ ತೆರೆ ಅಷ್ಟು ತೆಳುವಾಗುತ್ತದೆ.

ಇನ್ನು ಪರೀಕ್ಷೆ. ಸಮನೆಲದಲ್ಲಿ ಸೈಕಲ್ಲನ್ನು ಗೋಡೆಗೆ 5 ಮೀಟರ್ ದೂರ ನಿಲ್ಲಿಸಿ. ಲೈಟಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಲೈಟು 1 ಮೀಟರ್ ಎತ್ತರದಲ್ಲಿದ್ದರೆ ಅತಿ ಪ್ರಕಾಶದ ಜಾಗ ಆ ಗುರುತಿಗಿಂತ 25 ಸೆಂಟಿಮೀಟರ್ ಕೆಳಗೆ ಬೀಳಬೇಕು. ಆಗ ಅದು ರಸ್ತೆಯನ್ನು 20 ಮೀಟರ್ ದೂರದಲ್ಲಿ ಮುಟ್ಟುತ್ತದೆ. 25 ಕಿಲೋಮೀಟರ್ ವೇಗದಲ್ಲಿ ಕಂಡು, ಬ್ರೇಕ್ ಹಿಡಿದು ನಿಲ್ಲಲು ಒಣರಸ್ತೆಯಲ್ಲಿ ಸುಮಾರು 17 ಮೀಟರ್ ಬೇಕು. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ 40ರ ವೇಗಕ್ಕೆ ಈ ಲೈಟು ಸಾಲದು. ಆ ವೇಗದಲ್ಲಿ ನಿಲ್ಲಲು ಸಪಾಟು ನೆಲದಲ್ಲೇ 32 ಮೀಟರ್ ಬೇಕಾಗುತ್ತದೆ. ಅಲ್ಲಿ ಲೈಟಿಗಿಂತ ಬ್ರೇಕನ್ನು ನಂಬಿ ನಿಧಾನಕ್ಕೆ ಇಳಿಯಿರಿ. ಅಳೆಯುವಾಗ ಸವಾರ ಸೀಟಿನ ಮೇಲೆ ಕುಳಿತಿರಲೇಬೇಕು. ಶಾಕ್ ಇರುವ ಫೋರ್ಕ್ ಭಾರಕ್ಕೆ 2 ಸೆಂಟಿಮೀಟರ್ ಕುಸಿದರೆ ಲೈಟು 1 ಡಿಗ್ರಿ ಬಾಗುತ್ತದೆ.

ಆ 1 ಡಿಗ್ರಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 20 ಮೀಟರ್‌ಗೆ ಹೊಂದಿಸಿದ ಲೈಟು 1 ಡಿಗ್ರಿ ಮೇಲೆದ್ದರೆ 31 ಮೀಟರ್‌ಗೆ, 2 ಡಿಗ್ರಿ ಎದ್ದರೆ 66 ಮೀಟರ್‌ಗೆ ಹೋಗುತ್ತದೆ. ಆಗ ಅದು ಎದುರಿನವರ ಕಣ್ಣಿಗೇ ಹೊಡೆದಂತೆ. ರಬ್ಬರ್ ಪಟ್ಟಿಯ ಕ್ಲಾಂಪ್ ಹಾಳುರಸ್ತೆಯಲ್ಲಿ ಜಾರುವುದು ಸಾಮಾನ್ಯ. ಹಳೇ ಟ್ಯೂಬಿನ ತುಂಡನ್ನು ಹ್ಯಾಂಡಲ್‌ಗೆ ಒಂದು ಸುತ್ತು ಸುತ್ತಿ ಅದರ ಮೇಲೆ ಬಿಗಿದರೆ ನಿಲ್ಲುತ್ತದೆ.

ಬಿಸಿಯ ಪರೀಕ್ಷೆಗೆ ಟೇಬಲ್ ಫ್ಯಾನ್ ಮುಂದೆ ಲೈಟನ್ನು ಹೈ ಮೋಡ್‌ನಲ್ಲಿಟ್ಟು, 2 ಮೀಟರ್ ದೂರದಲ್ಲಿ ಫೋನಿನ ಲಕ್ಸ್ ಆ್ಯಪ್ ತೆರೆದಿಡಿ. ಆ್ಯಪ್ ತೋರಿಸುವ ಅಂಕಿ ನಿಖರವಲ್ಲ, ಆದರೆ ಹೋಲಿಕೆಗೆ ಸಾಕು. ಮೊದಲ ನಿಮಿಷದ ಅಂಕಿ, ಅರ್ಧ ಗಂಟೆಯ ನಂತರದ ಅಂಕಿ ಬರೆದುಕೊಳ್ಳಿ. ಕಾದ ಲೈಟು ತನ್ನ ರಕ್ಷಣೆಗೆ ಬೆಳಕು ಇಳಿಸುತ್ತದೆ; ಬೆಳಕು ಅರ್ಧಕ್ಕಿಳಿದರೂ ಕಣ್ಣಿಗೆ ಅದು ಅರ್ಧದಂತೆ ತೋರುವುದಿಲ್ಲ, ಆದ್ದರಿಂದಲೇ ಅಳೆಯಬೇಕು. ಟೈಪ್-ಸಿ ಸಾಕೆಟ್ ಇದ್ದೂ ಹೊಸ ಫೋನಿನ ಸಿ-ಟು-ಸಿ ಕೇಬಲ್ಲಿಗೆ ಚಾರ್ಜ್ ಆಗದಿದ್ದರೆ ಲೈಟು ಕೆಟ್ಟಿಲ್ಲದಿರಬಹುದು. ಕರೆಂಟ್ ಬಿಡು ಎಂದು ಚಾರ್ಜರಿಗೆ ಸೂಚನೆ ಕೊಡುವ 5.1 ಕಿಲೊಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ಅಗ್ಗದ ಲೈಟುಗಳಲ್ಲಿ ಎಷ್ಟೋ ಸಲ ಹಾಕಿರುವುದಿಲ್ಲ. ಚಾರ್ಜರಿನ ಕಡೆಯ ತುದಿ ಹಳೆಯ ಚಪ್ಪಟೆ ಯುಎಸ್‌ಬಿಯಾಗಿರುವ ಕೇಬಲ್ ಹಾಕಿ ನೋಡಿ.

ಕೊನೆಗೆ ಪೂರ್ತಿ ಕತ್ತಲಿನ ಖಾಲಿ ರಸ್ತೆಗೆ ಒಯ್ದು, ಒಂದು ಇಟ್ಟಿಗೆಯನ್ನು ಮಲಗಿಸಿ, ಪಕ್ಕದಲ್ಲಿ ಹಳೇ ಟೈರಿನ ಕಪ್ಪು ತುಂಡೊಂದನ್ನಿಡಿ. ಲೈಟನ್ನು ಎರಡು ಎತ್ತರದಲ್ಲಿ ಕಟ್ಟಿ, ಎಷ್ಟು ದೂರದಿಂದ ಎರಡೂ ಗೊತ್ತಾಗುತ್ತವೆ ಎಂದು ಹೆಜ್ಜೆ ಹಾಕಿ ಅಳೆಯಿರಿ. ರಸ್ತೆಗೆ ನೀರು ಚೆಲ್ಲಿ ಮತ್ತೊಮ್ಮೆ ನೋಡಿ: ಒದ್ದೆ ಡಾಂಬರು ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೇ ಜಾರಿಸುತ್ತದೆ, ದೂರ ಅಲ್ಲೇ ಕಡಿಮೆಯಾಗುತ್ತದೆ. ಆಮೇಲೆ ಸೈಕಲ್ಲಿನ ಮೇಲೆ ಇನ್ನೊಬ್ಬರನ್ನು ಕೂರಿಸಿ, 30 ಮೀಟರ್ ಆಚೆಯಿಂದ ಲೈಟಿನ ಕಡೆಗೆ ನಡೆದು ಬನ್ನಿ. ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಲೈಟು ಇನ್ನೂ ಕೂದಲೆಳೆಯಷ್ಟು ಬಗ್ಗಬೇಕು. ಕೋನ ಸರಿಯಾದ ಮೇಲೆ ಕ್ಲಾಂಪಿನಿಂದ ಹ್ಯಾಂಡಲ್‌ಗೆ ಹಾದುಹೋಗುವಂತೆ ನೇಲ್ ಪಾಲಿಶ್‌ನ ಒಂದು ಗೆರೆ ಎಳೆಯಿರಿ. ಚಾರ್ಜಿಗೆ ಬಿಚ್ಚಿ ಮತ್ತೆ ಕಟ್ಟುವಾಗ ಗೋಡೆ, ಟೇಪು, ಸೀಮೆಸುಣ್ಣ ಯಾವುದೂ ಬೇಕಾಗುವುದಿಲ್ಲ.