ಒಡೆಯನ ಹೆಸರು ಹಿಡಿದು ಹೊರಟರೆ ಮುತ್ತಜ್ಜ ಸಿಗುತ್ತಾನಾ?

ಪ್ರಶ್ನೆ: ಆಫ್ರಿಕನ್ ಅಮೆರಿಕನ್ ಕುಟುಂಬವೊಂದು 1870ಕ್ಕಿಂತ ಹಿಂದಿನ ತನ್ನ ಹಿರಿಯರನ್ನು ಹುಡುಕುವುದು ಹೇಗೆ? ಅವರ ಅಡ್ಡಹೆಸರು ಒಡೆಯನದ್ದೇ ಅಲ್ವಾ? ಅದೇ ಹೆಸರಿನ ಬಿಳಿಯನ ಕಾಗದಪತ್ರ ನೋಡಿದರೆ ಆಯ್ತಲ್ಲ?

ಉತ್ತರ: ಆಗುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಪ್ರಶ್ನೆಯ ಎರಡನೇ ಅರ್ಧ ಪ್ರತಿ ಸಲ ಜೊತೆಗೇ ಬರುತ್ತದೆ. ಹಾಗಾಗಿ ಈ ಸಲ ಅದನ್ನು ಬುಡದಿಂದಲೇ ಕೀಳೋಣ.

1870ರ ವಿಷಯ ಬೇಗ ಹೇಳಿಬಿಡುತ್ತೇನೆ. ಗುಲಾಮಗಿರಿ ಮುಗಿದದ್ದು 1865ರಲ್ಲಿ. ಬಿಡುಗಡೆಯಾದವರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ. 1850 ಮತ್ತು 1860ರ ಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ ಇತ್ತು. ಒಡೆಯನ ಹೆಸರು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅಷ್ಟೇ. 1860ರಲ್ಲಿ ಸುಮಾರು 40 ಲಕ್ಷ ಜನ ಹೀಗೆ ಬರೀ ಸಾಲುಗಳಾಗಿ ಉಳಿದರು.

ಈಗ ಅಡ್ಡಹೆಸರಿಗೆ ಬರೋಣ. ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಎಲ್ಲರಿಗೂ ಗೊತ್ತು. ಹುಟ್ಟಿದ್ದು ಮೇರಿಲ್ಯಾಂಡ್‌ನ ಟಾಲ್ಬಟ್ ಕೌಂಟಿಯಲ್ಲಿ. ಆಗ ಅವರ ಅಡ್ಡಹೆಸರು ಬೈಲಿ, ತಾಯಿಯ ಕಡೆಯಿಂದ ಬಂದದ್ದು. ಒಡೆಯನ ಹೆಸರು ಆರನ್ ಆಂಥನಿ. 1838ರಲ್ಲಿ ತಪ್ಪಿಸಿಕೊಂಡು ಬಂದ ಮೇಲೆ, ಆಶ್ರಯ ಕೊಟ್ಟ ಸ್ನೇಹಿತನ ಮಾತಿನಂತೆ ಒಂದು ಕಾವ್ಯದಿಂದ ‘ಡಗ್ಲಸ್’ ಅನ್ನು ಆರಿಸಿಕೊಂಡರು. ಮೇರಿಲ್ಯಾಂಡ್‌ನಲ್ಲಿ ಡಗ್ಲಸ್ ಅನ್ನುವ ಒಡೆಯನನ್ನು ಹುಡುಕುತ್ತಾ ಕೂತರೆ ಏನು ಸಿಗುತ್ತದೆ ಹೇಳಿ? ಆದರೆ ಆಂಥನಿಯ ಲೆಕ್ಕದ ಪುಸ್ತಕ ತೆರೆದರೆ, ಹ್ಯಾರಿಯೆಟ್‌ಳ ಮಗ ಫ್ರೆಡರಿಕ್ 1818ರ ಫೆಬ್ರವರಿಯಲ್ಲಿ ಹುಟ್ಟಿದ ಎಂದಿದೆ. ತಾನು ಹುಟ್ಟಿದ್ದು 1817ರಲ್ಲಿ ಇರಬೇಕು ಎಂದು ಡಗ್ಲಸ್ ಅಂದಾಜು ಮಾಡಿಕೊಂಡಿದ್ದರು.

ಬೂಕರ್ ಟಿ. ವಾಷಿಂಗ್ಟನ್‌ರದ್ದೂ ಇದೇ ಕಥೆ. ‘ವಾಷಿಂಗ್ಟನ್’ ಅವರು ಶಾಲೆಯಲ್ಲಿ ಮೇಷ್ಟ್ರು ಕೇಳಿದಾಗ ತಾವೇ ಹೇಳಿಕೊಂಡ ಹೆಸರು. ವರ್ಜೀನಿಯಾದ ಒಡೆಯ ಜೇಮ್ಸ್ ಬರೋಸ್. ಅವನು ಸತ್ತ ಮೇಲೆ 1861ರಲ್ಲಿ ಬರೆದ ಆಸ್ತಿಪಟ್ಟಿಯಲ್ಲಿ ಬೂಕರ್ ಎಂಬ ಹುಡುಗ ಇದ್ದಾನೆ. ಬೆಲೆ 400 ಡಾಲರ್. ಮುಂದೆ ಕಪ್ಪು ವಿದ್ಯಾರ್ಥಿಗಳ ಟಸ್ಕೀಗಿ ವಿದ್ಯಾಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಇದೇ ಹುಡುಗ.

‘ಕೆಲವರು ಒಡೆಯನ ಹೆಸರನ್ನೇ ಇಟ್ಟುಕೊಂಡರಲ್ವಾ?’ ಹೌದು, ಇಟ್ಟುಕೊಂಡರು. ಮಿಶೆಲ್ ಒಬಾಮ ಅವರ ಪೂರ್ವಜೆ ಮೆಲ್ವಿನಿಯಾ ಶೀಲ್ಡ್ಸ್ ಹಾಗೇ. ಆದರೆ ಆರು ವರ್ಷದ ಮೆಲ್ವಿನಿಯಾ ಕಾಣಿಸುವುದು ಸೌತ್ ಕ್ಯಾರೊಲಿನಾದ ಡೇವಿಡ್ ಪ್ಯಾಟರ್ಸನ್ 1850ರಲ್ಲಿ ಬರೆದ ಉಯಿಲಿನಲ್ಲಿ. ಶೀಲ್ಡ್ಸ್ ಅವನ ಅಳಿಯ, ಜಾರ್ಜಿಯಾದವನು; ಮೆಲ್ವಿನಿಯಾ ಆಮೇಲೆ ಹೋದದ್ದು ಅವನ ಬಳಿಗೆ. ಹೆಸರು ಹೊಂದಿಕೆಯಾದರೂ ಕಾಗದ ಬೇರೆ ಹೆಸರಿನವನ ಬಳಿ ಇತ್ತು, ಬೇರೆ ರಾಜ್ಯದಲ್ಲಿ. ಇನ್ನು ಕೆಲವರು ಮೊದಲ ಒಡೆಯನ ಹೆಸರು ಇಟ್ಟುಕೊಂಡರು, ಕೆಲವರು ಅಪ್ಪನದ್ದು. ಬಿಡುಗಡೆಗೆ ಎಷ್ಟೋ ಮೊದಲೇ ತಮ್ಮೊಳಗೆ ಅಡ್ಡಹೆಸರು ಇದ್ದವರೂ ಇದ್ದರು. ಒಡೆಯ ಅದನ್ನು ಬರೆಯಲಿಲ್ಲ, ಅಷ್ಟೇ. ಅವರ ಹೆಸರನ್ನು ಒಡೆಯನ ಮುದ್ರೆ ಎಂದು ಓದಿದರೆ, ಅವರು ತಾವಾಗಿ ಮಾಡಿದ ಆಯ್ಕೆಯನ್ನು ಅವರಿಂದ ಕಿತ್ತುಕೊಂಡಂತೆ.

ಸರಿ, ಹಾಗಾದರೆ ದಾರಿ ಯಾವುದು? ಗೊತ್ತಿರುವ ಅಜ್ಜಿಯಿಂದ ಶುರುಮಾಡಿ ಹತ್ತತ್ತು ವರ್ಷ ಹಿಂದಕ್ಕೆ ಹೋಗಬೇಕು. ಈಗ ನೋಡಲು ಸಿಗುವ ಕೊನೆಯ ಗಣತಿ 1950ರದ್ದು. 1890ರದ್ದು ಬಹುಪಾಲು ಇಲ್ಲ, 1921ರ ಬೆಂಕಿಯಲ್ಲಿ ಹಾಳಾಯಿತು. 1870ಕ್ಕೆ ಬಂದಾಗ ಅಕ್ಕಪಕ್ಕದ ಮನೆಗಳನ್ನೂ ಬರೆದುಕೊಳ್ಳಿ, ಯಾಕೆಂದರೆ ಎಷ್ಟೋ ಜನ ದುಡಿದ ಹೊಲದ ಹತ್ತಿರವೇ ಉಳಿದಿದ್ದರು. ಆಮೇಲೆ ಫ್ರೀಡ್‌ಮನ್ಸ್ ಬ್ಯಾಂಕ್. 1865ರಿಂದ 1874ರವರೆಗೆ ಬಿಡುಗಡೆಯಾದವರಿಗಾಗಿ ನಡೆದ ಈ ಬ್ಯಾಂಕಿನ ಖಾತೆ ಪುಸ್ತಕದಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರು, ಎಷ್ಟೋ ಕಡೆ ಹಳೆಯ ಒಡೆಯನ ಹೆಸರು ಕೂಡ ಇದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಸೈನಿಕರ ಪಿಂಚಣಿ ಕಡತ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಅವರ ವಿಧವೆಯರು ಮದುವೆಯಾಗಿದ್ದೇವೆಂದು ರುಜುವಾತು ಮಾಡಬೇಕಿತ್ತು. ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಜೊತೆಯಲ್ಲಿ ಗುಲಾಮರಾಗಿದ್ದವರೇ ಬಂದು ಸಾಕ್ಷಿ ಹೇಳಿದರು. ಯಾರ ಮನೆಯಲ್ಲಿ ಮದುವೆ, ಯಾವ ಮಗು ಯಾವಾಗ ಹುಟ್ಟಿತು, ಎಲ್ಲ ಅವರದೇ ಮಾತಿನಲ್ಲಿ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು. ಈ ಹುಡುಕಾಟ ಮೊಮ್ಮಕ್ಕಳು ಶುರುಮಾಡಿದ್ದಲ್ಲ. ನ್ಯೂ ಆರ್ಲಿಯನ್ಸ್‌ನ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಪತ್ರಿಕೆಯಲ್ಲಿ 1879ರಿಂದ ‘ಲಾಸ್ಟ್ ಫ್ರೆಂಡ್ಸ್’ ಎಂಬ ಅಂಕಣ ಬರುತ್ತಿತ್ತು. ಚಂದಾದಾರರಲ್ಲದವರು 50 ಸೆಂಟ್ ಕೊಟ್ಟು ಕಳೆದುಹೋದ ತಾಯಿ, ತಮ್ಮ, ಮಗಳನ್ನು ಹುಡುಕಿ ಬರೆಸುತ್ತಿದ್ದರು. ಚರ್ಚಿನಲ್ಲಿ ಇದನ್ನು ಗಟ್ಟಿಯಾಗಿ ಓದಿ ಎಂದು ಪಾದ್ರಿಗಳಿಗೆ ಪತ್ರಿಕೆ ಕೇಳಿಕೊಳ್ಳುತ್ತಿತ್ತು. ಬಿಡುಗಡೆಯಾಗಿ ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೂ ಇವು ಬರುತ್ತಲೇ ಇದ್ದವು. ನನ್ನ ಮೊದಲ ಒಡೆಯ ಯಾರು, ಕೊಂಡವನು ಯಾರು, ಅಮ್ಮನನ್ನು ಕೊನೆಗೆ ನೋಡಿದ್ದು ಎಲ್ಲಿ, ಆಗ ನನ್ನನ್ನು ಏನೆಂದು ಕರೆಯುತ್ತಿದ್ದರು, ಈಗ ನನ್ನ ಹೆಸರೇನು: ಇದೇ ಅವುಗಳ ಧಾಟಿ. ಹೆಸರು ಬದಲಾಗಿದೆ, ಅಮ್ಮನಿಗೆ ಗುರುತು ಸಿಗಬೇಕಲ್ಲ ಎಂದು ಎರಡನ್ನೂ ಬರೆಸುತ್ತಿದ್ದರು.