ಮನೆಯಲ್ಲಿ ಮುದ್ರಿಸಿದ ಹಾಡು ‘ಅರೆಬೆಂದದ್ದು’ ಎನಿಸಿದ್ದು ಯಾವಾಗಿನಿಂದ?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳ ಕಡೆ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಕನ್ನಡದಲ್ಲೋ ಹಾಡು ಕಟ್ಟುವ ಯುವಕರು ಬೆಂಗಳೂರಿನ ಸ್ಟುಡಿಯೋಗೆ ಕಾಯದೆ ಮಲಗುವ ಕೋಣೆಯಲ್ಲೇ ಮೈಕು, ಲ್ಯಾಪ್‌ಟಾಪು ಇಟ್ಟುಕೊಂಡು ಧ್ವನಿಮುದ್ರಿಸುವುದು ಈಗ ವಿಶೇಷವೇನಲ್ಲ. ಅಂಥ ಹಾಡುಗಳಿಗೆ ಸಿಗುವ ಪ್ರತಿಕ್ರಿಯೆ ಮಾತ್ರ ಇನ್ನೂ ಎರಡು ಹೋಳಾಗಿದೆ. ಎದುರು ಕುಳಿತು ಹಾಡಿದಂತಿದೆ ಎಂದು ಮೆಚ್ಚುವವರು ಒಂದು ಕಡೆ. ಹಾಡು ಚೆನ್ನಾಗಿದೆ, ಆದರೆ ಮುಗಿಸದೆ ಬಿಟ್ಟಂತಿದೆ ಎನ್ನುವವರು ಇನ್ನೊಂದು ಕಡೆ. ಈ ತಕರಾರು ಕೊಡಗಿನಲ್ಲಿ ಹುಟ್ಟಿದ್ದಲ್ಲ, ಹೊಸದೂ ಅಲ್ಲ. ಅದರ ಅತ್ಯಂತ ಪ್ರಸಿದ್ಧ ಪ್ರಕರಣ 1970ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ನಡೆಯಿತು.

ಬ್ರಿಟನ್ನಿನ ಬೀಟಲ್ಸ್ ಸಂಗೀತ ತಂಡದ ಪಾಲ್ ಮೆಕಾರ್ಟ್ನಿ 1969ರ ಕೊನೆಯ ವಾರಗಳಲ್ಲಿ ಸೇಂಟ್ ಜಾನ್ಸ್ ವುಡ್ ಬಡಾವಣೆಯ ತನ್ನ ಮನೆಗೆ ನಾಲ್ಕು ಟ್ರ್ಯಾಕಿನ, ಎಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಒಟ್ಟಿಗೆ ಕೇಳಿಸುವ, ಸ್ಟೂಡರ್ ಟೇಪ್ ಯಂತ್ರವೊಂದನ್ನು ತರಿಸಿಕೊಂಡರು. ಧ್ವನಿಗಳನ್ನು ಹದಗೊಳಿಸುವ ಮಿಕ್ಸಿಂಗ್ ಡೆಸ್ಕ್ ಇರಲಿಲ್ಲ, ಸದ್ದಿನ ಮಟ್ಟ ತೋರಿಸುವ ಮೀಟರೂ ಇರಲಿಲ್ಲ. ಮೈಕನ್ನು ನೇರವಾಗಿ ಯಂತ್ರಕ್ಕೇ ಸಿಕ್ಕಿಸಿ, ಹೆಚ್ಚುಕಡಿಮೆಯನ್ನು ಕಿವಿಯಿಂದಲೇ ಅಳೆಯಬೇಕಾಗಿತ್ತು. ಯಂತ್ರ ಸರಿಯಿದೆಯೇ ಎಂದು ನೋಡಲು ಹೆಂಡತಿ ಲಿಂಡಾಳ ಹೆಸರಿನ ಚಿಕ್ಕ ಹಾಡೊಂದನ್ನು ಮುದ್ರಿಸಿದರು. ಮೊದಲ ಟ್ರ್ಯಾಕಿನಲ್ಲಿ ದನಿ ಮತ್ತು ಗಿಟಾರು, ಎರಡನೆಯದರಲ್ಲಿ ಮತ್ತೊಂದು ಗಿಟಾರು, ಆಮೇಲೆ ಪುಸ್ತಕವೊಂದರ ಮೇಲೆ ಅಂಗೈಯಿಂದ ಬಡಿದ ತಾಳ, ಕೊನೆಗೆ ಬೇಸ್ ಗಿಟಾರು. ಮುಕ್ಕಾಲು ನಿಮಿಷದ ಆ ಪರೀಕ್ಷೆಯನ್ನೇ ಅವರು ಆಲ್ಬಮ್ಮಿನ ಮೊದಲ ಹಾಡಾಗಿ ಇಟ್ಟರು. ಎಲ್ಲ ವಾದ್ಯಗಳನ್ನೂ ಒಬ್ಬರೇ ನುಡಿಸಿದರು. ಜೊತೆಗೆ ದನಿ ಸೇರಿಸಿದ್ದು ಲಿಂಡಾ ಮಾತ್ರ. ಆಲ್ಬಮ್ಮಿಗೆ ತಮ್ಮ ಮನೆತನದ ಹೆಸರನ್ನೇ ಇಟ್ಟರು.

1970ರ ಏಪ್ರಿಲ್ 17ರಂದು ಆಲ್ಬಮ್ ಹೊರಬಂದಾಗ ಜನರ ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿದ್ದದ್ದು ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಬಂದಿದ್ದ ಬೀಟಲ್ಸರ ‘ಆ್ಯಬಿ ರೋಡ್’. ಅದರ ಎರಡನೆಯ ಬದಿಯ ಬಹುಭಾಗ ಒಂದಕ್ಕೊಂದು ಹೆಣೆದುಕೊಂಡ ಹಾಡುಗಳ ಆ ಮಾಲೆಯನ್ನು ಕೇಳಿದ್ದವರಿಗೆ ಪುಸ್ತಕದ ಮೇಲಿನ ತಾಳ ಬಡತನದಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ನನ್ನ ಪ್ರಕಾರ ಕೇಳುಗರನ್ನು ಹೆಚ್ಚು ಕೆಡಿಸಿದ್ದು ಸದ್ದಲ್ಲ, ಆಲ್ಬಮ್ಮಿನ ಜೊತೆಗೆ ಬಂದ ಕಾಗದ. ಪತ್ರಿಕೆಗಳಿಗೆ ಕಳಿಸಿದ ಪ್ರತಿಗಳೊಂದಿಗೆ ಮೆಕಾರ್ಟ್ನಿ ಪ್ರಶ್ನೋತ್ತರದ ರೂಪದ ಹೇಳಿಕೆಯೊಂದನ್ನು ಲಗತ್ತಿಸಿದ್ದರು. ಬೀಟಲ್ಸರೊಂದಿಗೆ ಮತ್ತೆ ಕೆಲಸ ಮಾಡುವ ಯೋಜನೆ ಇಲ್ಲವೆಂಬುದು ಅದರಿಂದ ತಿಳಿಯುತ್ತಿತ್ತು. ಏಪ್ರಿಲ್ 10ರಂದು ‘ಡೈಲಿ ಮಿರರ್’ ಪಾಲ್ ತಂಡ ಬಿಡುತ್ತಿದ್ದಾರೆಂದು ಮುಖಪುಟದಲ್ಲಿ ಸಾರಿತು. ಬಿಡುಗಡೆಗೆ ಒಂದು ವಾರ ಮೊದಲೇ, ಹಾಡು ಕೇಳುವ ಮುನ್ನವೇ, ಅದು ಮನೆ ಮುರಿದವನ ಆಲ್ಬಮ್ ಎಂಬ ಭಾವನೆ ನೆಲೆಯೂರಿತು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರಿಗೆ ಆಲ್ಬಮ್ಮಿನ ಸರಳ ಗೃಹಸುಖ ಹಿಡಿಸಿದರೂ ಅದರೊಂದಿಗೆ ಬಂದ ಪ್ರಚಾರ ಸಾಮಗ್ರಿ ಮುಜುಗರ ತಂದಿತು. ಅದೇ ವರ್ಷದ ಕೊನೆಯಲ್ಲಿ ಅದೇ ಪತ್ರಿಕೆಗೆ ಸಂದರ್ಶನ ಕೊಟ್ಟ ಬೀಟಲ್ಸ್ ಸಂಗಾತಿ ಜಾನ್ ಲೆನನ್ ಆಲ್ಬಮ್ಮನ್ನು ಕಸವೆಂದು ತಳ್ಳಿಹಾಕಿದರು. ಕೊಂಡವರ ಲೆಕ್ಕ ಬೇರೆಯೇ ಆಗಿತ್ತು: ಅಮೆರಿಕದಲ್ಲಿ ಆಲ್ಬಮ್ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು.

ಇಲ್ಲಿ ಒಂದು ವಿಷಯ ಸಾಮಾನ್ಯವಾಗಿ ಮರೆತುಹೋಗುತ್ತದೆ. ಈ ಆಲ್ಬಮ್ಮನ್ನು ಹಳಿದವರೂ ಒಪ್ಪಿಕೊಂಡ ಹಾಡು ‘ಮೇಬಿ ಆಯಾಮ್ ಅಮೇಜ್ಡ್’, ಮತ್ತು ಅದು ಮನೆಯಲ್ಲಿ ಮುದ್ರಿತವಾದದ್ದಲ್ಲ. ಬೇರೆ ಹೆಸರಿನಲ್ಲಿ ಸಮಯ ಕಾದಿರಿಸಿ, 1970ರ ಫೆಬ್ರವರಿಯಲ್ಲಿ ಆ್ಯಬಿ ರೋಡಿನ ಇಎಂಐ ಸ್ಟುಡಿಯೋದಲ್ಲೇ ಅದನ್ನು ಮುದ್ರಿಸಲಾಗಿತ್ತು. ಮೆಚ್ಚಿದವರು ಮನೆಯ ಆಪ್ತತೆಯನ್ನು ಹೊಗಳುತ್ತ ಸ್ಟುಡಿಯೋದ ಹಾಡನ್ನು ಉದಾಹರಿಸಿದರು. ಯಾವುದು ಎಲ್ಲಿ ಮುದ್ರಿತವಾಯಿತೆಂಬುದನ್ನು ಕಿವಿಯೊಂದೇ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿ ಸಾಮಾನ್ಯ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್ ಮುದ್ರಿಸುವ ಪೋರ್ಟಾಸ್ಟುಡಿಯೋ ಯಂತ್ರವನ್ನು ಹೊರತಂದ ಮೇಲೆ ಮನೆಯ ಧ್ವನಿಮುದ್ರಣಕ್ಕೆ ಬೀಟಲ್ಸರ ಶ್ರೀಮಂತಿಕೆ ಬೇಕಾಗಲಿಲ್ಲ. 1982ರ ಜನವರಿಯಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಆ ಯಂತ್ರದ ಮುಂದೆ ಕುಳಿತು ಹಾಡಿದ್ದು ತಂಡಕ್ಕೆ ಕಲಿಸಲು ಬೇಕಾದ ಮಾದರಿ ಎಂದೇ. ಆಮೇಲೆ ತಂಡದೊಂದಿಗೆ ಸ್ಟುಡಿಯೋದಲ್ಲಿ ಅವನ್ನು ಮುದ್ರಿಸಿ ನೋಡಿದರು. ಕ್ಯಾಸೆಟ್ಟಿನಲ್ಲಿದ್ದದ್ದು ಅಲ್ಲಿ ಬರಲಿಲ್ಲ. ಕೊನೆಗೆ ಡಬ್ಬಿಯೂ ಇಲ್ಲದೆ ಜೇಬಿನಲ್ಲಿ ತಿರುಗುತ್ತಿದ್ದ ಆ ಕ್ಯಾಸೆಟ್ಟನ್ನೇ ಬಹಳ ಪ್ರಯಾಸದಿಂದ ಎಲ್‌ಪಿಗೆ ಇಳಿಸಿ, ಸೆಪ್ಟೆಂಬರ್ 30ರಂದು ‘ನೆಬ್ರಾಸ್ಕ’ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಈ ಬಾರಿ ಜಗಳದ ಕಾಗದವಿರಲಿಲ್ಲ, ಪ್ರವಾಸದ ಕಛೇರಿಗಳೂ ಇರಲಿಲ್ಲ. ಅಬ್ಬರದ ರಾಕ್ ಬಯಸಿದವರಿಗೆ ನಿರಾಸೆಯಾದರೂ ವಿಮರ್ಶಕರ ಗೌರವ ಆಗಲೇ ಸಿಕ್ಕಿತು. ತಂಡದೊಂದಿಗೆ ಮುದ್ರಿಸಿ ಕೈಬಿಟ್ಟಿದ್ದ ಆವೃತ್ತಿಗಳು 2025ರಲ್ಲಿ ಹೊರಬಂದಿವೆ. ಎರಡನ್ನೂ ಕೇಳಿದರೆ ಆಯ್ಕೆ ಸರಿಯಾಗಿಯೇ ಇತ್ತೆಂದು ನನಗನಿಸುತ್ತದೆ. ಲ್ಯಾಪ್‌ಟಾಪ್ ಬಂದ ಮೇಲಿನ ಕಥೆ ಎಲ್ಲರಿಗೂ ಗೊತ್ತು. ಲಾಸ್ ಏಂಜಲೀಸಿನಲ್ಲಿ ಅಣ್ಣನ ಮಲಗುವ ಕೋಣೆಯಲ್ಲಿ ಮುದ್ರಿಸಿದ ಗಾಯಕಿ ಬಿಲ್ಲಿ ಐಲಿಷ್‌ಳ ಮೊದಲ ಆಲ್ಬಮ್ 2020ರಲ್ಲಿ ಗ್ರ್ಯಾಮಿಯ ಅತ್ಯುನ್ನತ ಪ್ರಶಸ್ತಿಗಳನ್ನು ಬಾಚಿಕೊಂಡಿತು.

ಕೊಡಗಿನ ಮಟ್ಟಿಗೆ ಈ ಚರಿತ್ರೆ ತಲೆಕೆಳಗಾಗಿದೆ. ಇಲ್ಲಿ ಹಾಡು ಮನೆಯಿಂದ ಹೊರಗೆ ಹೋದದ್ದೇ ಇತ್ತೀಚೆಗೆ. ಐನ್‌ಮನೆಯ, ಎಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ, ತೂಗುದೀಪದ ಮುಂದೆ, ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ ಕೊಡವರ ಹಾಡು ಬಾಳೋಪಾಟ್‌ಗೆ ಮದುವೆಯೂ ಹಬ್ಬವೂ ಸಾವೂ ಸಂದರ್ಭವೇ. ಸುಗ್ಗಿಯ ಹಬ್ಬ ಪುತ್ತರಿಯಲ್ಲಂತೂ ಹಾಡುವವರೇ ಮನೆ ಮನೆಗೆ ಬರುತ್ತಿದ್ದರು. 1902ರಲ್ಲಿ ಗ್ರಾಮಾಫೋನ್ ಕಂಪನಿಯವರು ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡಾಗ ಆ ಹಾಡುಗಾರ್ತಿ ಮೂರು ನಿಮಿಷದೊಳಗೆ ಹಾಡು ಮುಗಿಸಬೇಕಾಯಿತು. ಗಂಟೆಗಟ್ಟಲೆ ನಡೆಯುವ ಬಾಳೋಪಾಟ್ ಅಂಥ ತಟ್ಟೆಗೆ ಹಿಡಿಸುವಂಥದ್ದಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿ ಉಳಿಸಿಕೊಟ್ಟದ್ದು ಆ ಹಾಡುಗಳ ಮಾತನ್ನು. ಸ್ವರ ಮಾತ್ರ ಮನೆಯಲ್ಲೇ ಉಳಿಯಿತು. ಮುಂದೆ ಆಕಾಶವಾಣಿಯ ಮಡಿಕೇರಿ ಕೇಂದ್ರ ಆ ದನಿಗಳನ್ನು ರೇಡಿಯೋಗೆ ತಂದಿತು. ಜೊತೆಗೆ, 1978ರ ‘ನಿತ್ಯೋತ್ಸವ’ದಿಂದ ಮೊದಲಾದ ಭಾವಗೀತೆಗಳ ಧ್ವನಿಸುರುಳಿಗಳು, ಸಿನಿಮಾ ಹಾಡುಗಳು ಕನ್ನಡ ನಾಡಿನ ಎಲ್ಲರಿಗೂ ಕಲಿಸಿದಂತೆ ನಮಗೂ ಕೊಳಲು, ಪಿಟೀಲು, ತಬಲಗಳು ಹದವಾಗಿ ಬೆರೆತ ಸ್ಟುಡಿಯೋ ಕಿವಿಯನ್ನು ಕಲಿಸಿದವು. ಮುಗಿಸದೆ ಬಿಟ್ಟಂತಿದೆ ಎಂಬ ಆಕ್ಷೇಪ ಈ ಕಲಿತ ಕಿವಿಯದು. ಅದಕ್ಕೆ ಎರಡು ತಲೆಮಾರಿಗಿಂತ ಹೆಚ್ಚಿನ ವಯಸ್ಸಿಲ್ಲ.

ಹಾಗೆಂದು ಆಕ್ಷೇಪಕ್ಕೆ ಹುರುಳೇ ಇಲ್ಲವೆನ್ನಲಾಗದು. ಇಲ್ಲಿ ಮನೆಯಲ್ಲಿ ಮುದ್ರಿಸುವುದು ಸುಲಭದ ಕೆಲಸವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಮಾತೇ ಕೇಳುವುದಿಲ್ಲ, ಇನ್ನು ಹಾಡಿನ ಗತಿ ಏನು? ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಜನರೇಟರಿನ ಗುಡುಗು. ಮಳೆ ಬಿಟ್ಟಿತೆನ್ನುವಷ್ಟರಲ್ಲಿ ಕಾಫಿ ಕುಯ್ಲು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಸದ್ದು. ಅದು ಮುಗಿದರೆ ಕಾಫಿ ಹೂ ಅರಳಿಸುವ ಹೂಮಳೆ ಬಾರದವರ ತೋಟದಲ್ಲಿ ಹಗಲೂ ರಾತ್ರಿ ಸ್ಪ್ರಿಂಕ್ಲರಿನ ಪಂಪು. ಉಳಿದ ರಾತ್ರಿಗಳನ್ನು ಜೀರುಂಡೆಗಳು ಬಿಟ್ಟುಕೊಡುವುದಿಲ್ಲ. ಈ ಸದ್ದುಗಳನ್ನೆಲ್ಲ ಆಪ್ತತೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದು ಸೋಮಾರಿತನವೇ ಸರಿ. ಕಂಬಳಿ ತೂಗುಹಾಕಿ, ಮೈಕನ್ನು ಬಾಯಿಗೆ ಹತ್ತಿರ ತಂದರೆ ಅರ್ಧ ದೋಷ ತಪ್ಪುತ್ತದೆ.

ಯಾವ ಹಾಡನ್ನು ಎಲ್ಲಿ ಮುದ್ರಿಸಬೇಕೆಂಬ ವಿವೇಚನೆ ಅದಕ್ಕಿಂತ ಮುಖ್ಯ. ಮೆಕಾರ್ಟ್ನಿ ತಮ್ಮ ಅತ್ಯುತ್ತಮ ಹಾಡನ್ನು ಮನೆಯಿಂದ ಸ್ಟುಡಿಯೋಗೆ ಒಯ್ದರು. ಪಿಯಾನೋ, ಡ್ರಮ್ಸ್‌ಗಳ ಮೇಲೆ ನಿಂತ ಹಾಡಿಗೆ ಅದು ಸರಿ. ದುಡಿಯ ಹಾಡಿಗೆ ಅದೇ ದಾರಿ ಹಿಡಿದರೆ ನಾಲ್ವರನ್ನು ಬೇರೆ ಬೇರೆ ಮೈಕಿನ ಮುಂದೆ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಯಂತ್ರದ ತಾಳಕ್ಕೆ ಕಟ್ಟಬೇಕಾಗುತ್ತದೆ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವುದು ಕಷ್ಟ, ಹಾಡುತ್ತ ಹಾಡುತ್ತ ಹುರುಪಿಗೆ ತಕ್ಕಂತೆ ಏರುವ ನಡೆಗೂ ಅಲ್ಲಿ ಜಾಗವಿಲ್ಲ. ಗಿಟಾರ್ ಹಿಡಿದು ಹೊಸ ಹಾಡು ಕಟ್ಟುವವರು ದುಡ್ಡಿದ್ದರೆ ಬೆಂಗಳೂರಿಗೆ ಹೋಗಲಿ. ಬಾಳೋಪಾಟ್ ಮುದ್ರಿಸುವವರು ಯಂತ್ರವನ್ನೇ ಐನ್‌ಮನೆಗೆ ಹೊತ್ತು ತರುವುದು ಒಳ್ಳೆಯದು, ಅದೂ ಪುತ್ತರಿ ಕಳೆದ ಮೇಲಿನ ಒಣ ದಿನಗಳಲ್ಲಿ, ಪಕ್ಕದ ತೋಟದ ಪಲ್ಪರ್ ನಿಂತ ಹೊತ್ತು ನೋಡಿಕೊಂಡು.