‘ಸೋ ವಾಟ್?’ ಬೈಗುಳವಲ್ಲ

ಕಳೆದ ತಿಂಗಳು ರಾತ್ರಿ 11 ಗಂಟೆಗೆ ಫೋನ್ ಬಂತು. ಶಿವಮೊಗ್ಗದಲ್ಲಿ ನನ್ನ ಬಳಿ ಇಂಗ್ಲಿಷ್ ಬರವಣಿಗೆ ಕಲಿತು ಬ್ರಿಟನ್ನಿಗೆ ಎಂಎಸ್ಸಿ ಓದಲು ಹೋದ ತೀರ್ಥಹಳ್ಳಿ ಕಡೆಯ ಹುಡುಗಿ. ‘ಪ್ರಬಂಧಕ್ಕೆ 62 ಬಂದಿದೆ ಸರ್. ಸಾಲದ್ದಕ್ಕೆ ಅಂಚಿನಲ್ಲಿ ಸೋ ವಾಟ್ ಅಂತ ಬರೆದಿದ್ದಾರೆ. ಅಷ್ಟು ಕೆಟ್ಟದಾಗಿ ಬರೆದಿದ್ದೀನಾ?’ ಗಂಟಲು ಕಟ್ಟಿತ್ತು.

ಪಿಯುಸಿಯಲ್ಲಿ 95 ತೆಗೆದವರಿಗೆ 62 ಎಂದರೆ ಮನೆಯಲ್ಲಿ ಹೇಳಲಾಗದ ಅಂಕ. ಅಲ್ಲಿ ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸು, 60ಕ್ಕೆ ಮೆರಿಟ್, 70ಕ್ಕೆ ಡಿಸ್ಟಿಂಕ್ಷನ್. ಅಂಕದ ಮಾತು ಅಲ್ಲಿಗೆ ಮುಗಿಯಿತು.

ಆ ಎರಡು ಪದಗಳದ್ದು ಬೇರೆ ಕಥೆ. ಪ್ರಬಂಧ ತರಿಸಿಕೊಂಡು ಓದಿದೆ. ವಿಷಯ ಅಡಿಕೆಯ ಕೊಳೆ ರೋಗ. ಫೈಟೊಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದ ಬರುತ್ತದೆ, ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಮೈಲುತುತ್ತ, ಸುಣ್ಣ ಕಲಸಿದ ಶೇ 1ರ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದಕ್ಷರ ತಪ್ಪಿಲ್ಲ. ‘ಸೋ ವಾಟ್’ ಇದ್ದದ್ದು ಆ ಪ್ಯಾರಾದ ಪಕ್ಕದಲ್ಲೇ.

‘ನಿಮ್ಮ ತೋಟದಲ್ಲಿ ಎರಡನೇ ಸಲ ಹೊಡೆಯೋಕಾಗುತ್ತಾ?’ ಎಂದೆ.

‘ಎಲ್ಲಿ ಸರ್! ಮಳೆ ಹೊಳವಾಗೋದೇ ಇಲ್ಲ. ಹೊಳವಾದ ದಿನ ಮರ ಹತ್ತಿ ಮದ್ದು ಹೊಡೆಯೋ ಕೊನೆಗಾರ ಸಿಗಲ್ಲ. ಅಪ್ಪ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಆಕಾಶ ನೋಡ್ತಾ ಕೂತಿರ್ತಾರೆ.’

‘ಇದು ಪ್ರಬಂಧದಲ್ಲಿ ಎಲ್ಲಿದೆ?’

ಸುಮ್ಮನಾದಳು.

ಅಧ್ಯಾಪಕರು ಕೇಳಿದ್ದು ಇದನ್ನೇ: ಇಷ್ಟು ಹೇಳಿದೆಯಲ್ಲ, ಇದರಿಂದ ಏನು ಗೊತ್ತಾಗುತ್ತದೆ? ಮದ್ದು ಇದ್ದೂ ರೋಗ ಏಕೆ ಹೋಗುತ್ತಿಲ್ಲ ಎಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಆದರೆ ಮನೆಯಲ್ಲಿ ಕಂಡದ್ದನ್ನು ಪ್ರಬಂಧದಲ್ಲಿ ಹೇಳಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ ತಾನಾಗಿ ಕೈಗೆ ಬರುವುದಿಲ್ಲ. ಬರುವುದು ಬರೀ ಅಂಕ. ಹೀಗೆ ಬೆಳೆದ ಮಕ್ಕಳು ಅಂಚಿನ ಟಿಪ್ಪಣಿಯನ್ನು ತೀರ್ಪು ಎಂದುಕೊಂಡರೆ ಅದು ಅವರ ತಪ್ಪಲ್ಲ. ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಉಲ್ಟಾ ಕೂಡ ನೋಡಿದ್ದೇನೆ. ‘ಯು ಮೈಟ್ ಕನ್ಸಿಡರ್’ (ಇದನ್ನು ಯೋಚಿಸಬಹುದು) ಎಂದು ಮೆತ್ತಗೆ ಬರೆದಿದ್ದರೆ, ಬೇಕಾದರೆ ಮಾಡಬಹುದು ಎಂದುಕೊಂಡು ಬಿಟ್ಟುಬಿಡುತ್ತಾರೆ. ಬಹುತೇಕ ಸಲ ಅದರರ್ಥ ‘ಇದನ್ನು ತಿದ್ದು’ ಎಂದೇ.

ಅಧ್ಯಾಪಕರನ್ನು ಹೋಗಿ ಕಾಣು ಎಂದೆ. ಅಂಕಕ್ಕೆ ತಕರಾರು ತೆಗೆದಳು ಅಂದುಕೊಂಡಾರು ಎಂದು ಹಿಂಜರಿದಳು. ಭೇಟಿಗೆಂದೇ ಅವರು ವಾರದಲ್ಲಿ ಹೊತ್ತು ಇಟ್ಟಿರುತ್ತಾರೆ. ಅಂಕದ ಸುದ್ದಿ ಎತ್ತಬೇಡ, ಆ ಒಂದು ಪ್ಯಾರಾ ಹಿಡಿದು ಹೋಗು ಎಂದೆ.

ಹೋದಳು. ಕೊನೆಗಾರ ಮರದಿಂದ ಮರಕ್ಕೆ ದಾಟುವುದು ಹೇಗೆ, ಮಳೆಯಲ್ಲಿ ಕಾಂಡ ಎಷ್ಟು ಜಾರುತ್ತದೆ ಎಂದು ಅವರು ಅರ್ಧ ಗಂಟೆ ಕೂರಿಸಿಕೊಂಡು ಕೇಳಿದರಂತೆ.